ಕೀಬೋರ್ಡು ಅವರ ಕೈಯಲ್ಲೇ ಇರಲಿ: ಲಿನಕ್ಸಿಗೆ ಹೊಸಬರಾದವರಿಗೆ ನೆರವಾಗುವ ಬಗೆ

ಕಳೆದ ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ, ಎಂಟೂವರೆಯ ಹೊತ್ತು. ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಬಂದಿತ್ತು. ಆಚೆಮನೆಯ ಹುಡುಗಿಯ ಫೋನು. “ಮಾವಾ, ಲ್ಯಾಪ್‌ಟಾಪು ಹಾಳಾಯಿತು. ಸ್ಕ್ರೀನೆಲ್ಲ ಕಪ್ಪು. ಏನೇನೋ ಇಂಗ್ಲಿಷಿನಲ್ಲಿ ಬಂದಿದೆ. ನಾಡಿದ್ದು ಐಟಿ ಪ್ರಾಕ್ಟಿಕಲ್ ಉಂಟು.” ದನಿಯಲ್ಲಿ ಅಳು ತುಂಬಿತ್ತು.

ನಮ್ಮಿಬ್ಬರ ಮನೆಗಳ ನಡುವೆ ಒಂದು ತೋಡು. ಬೇಸಿಗೆಯಲ್ಲಾದರೆ ಎರಡು ನಿಮಿಷದ ದಾರಿ. ಆ ರಾತ್ರಿ ತೋಡು ದಾಟುವ ಸಂಕದ ಮೇಲೆ ನೀರು ಹರಿಯುತ್ತಿತ್ತು. ಹಾಗಾಗಿ ಎಲ್ಲವನ್ನೂ ಫೋನಿನಲ್ಲೇ ಹೇಳಬೇಕಾಯಿತು, ಅವಳೇ ಮಾಡಬೇಕಾಯಿತು. ಅದಕ್ಕೆ ಮೊದಲು ಮೂರು ಸಲ ನಾನೇ ಹೋಗಿ, ಕುರ್ಚಿ ಎಳೆದು ಕೂತು, ಐದು ನಿಮಿಷದಲ್ಲಿ ಸರಿಮಾಡಿ ಬಂದಿದ್ದೆ. ಆ ಮೂರು ಸಲದಲ್ಲಿ ಅವಳು ಕಲಿಯದೆ ಇದ್ದದ್ದನ್ನು ಆ ಒಂದು ರಾತ್ರಿಯಲ್ಲಿ ಕಲಿತಳು. ಈ ಬರಹ ಹುಟ್ಟಿದ್ದು ಅಲ್ಲಿಂದ.

ಕಾಸರಗೋಡಿನಲ್ಲಿ ಇದು ಬರೇ ಒಂದು ಮನೆಯ ಮಾತಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಗಿ, 2017ರಲ್ಲಿ ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಹೈಸ್ಕೂಲಿನಲ್ಲಿ ಕೂರುವುದು ಉಬುಂಟು ಆಧಾರಿತ ಲಿನಕ್ಸಿನ ಮುಂದೆಯೇ. ಲಿನಕ್ಸ್ ಎಂದರೆ ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ, ಉಬುಂಟು ಅದರ ಒಂದು ಬಗೆ. ಜಿಂಪ್, ಇಂಕ್‌ಸ್ಕೇಪ್, ಜಿಯೋಜೀಬ್ರಾ, ಪೈಥಾನ್ ಎಲ್ಲ ಅದರಲ್ಲೇ. ಆದರೆ ಮನೆಯಲ್ಲಿ ದೊಡ್ಡವರಿಗೆ ಗೊತ್ತಿರುವುದು ವಿಂಡೋಸ್. ಪೇಟೆಯ ರಿಪೇರಿ ಅಂಗಡಿಗೆ ಒಯ್ದರೆ “ಇದನ್ನು ತೆಗೆದು ವಿಂಡೋಸ್ ಹಾಕುವ” ಎಂಬ ಉತ್ತರವೇ ಹೆಚ್ಚು. ಆಗ ಊರಿನಲ್ಲಿ ಸ್ವಲ್ಪ ಲಿನಕ್ಸ್ ಬಲ್ಲವರಿಗೆ ಫೋನು ಬರುತ್ತದೆ. ನೀವು ಹಾಗೆ ಫೋನು ಬರುವವರಲ್ಲಿ ಒಬ್ಬರಾದರೆ, ಇದು ನಿಮಗೆ.

ಒಂದು ಸೂಚನೆ. ಕಮಾಂಡುಗಳನ್ನು ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲಿನಲ್ಲಿ, ಅಂದರೆ ಕಮಾಂಡು ಬರೆದು ಕೊಡುವ ಕಿಟಕಿಯಲ್ಲಿ, ಒತ್ತುವಾಗ ಅವೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳು. ದೊಡ್ಡ ಅಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದ್ದೇನೆ.

ಮೊದಲು ಓದಿಸಿ

“ಹಾಳಾಯಿತು” ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಮೂರು ಸಂಗತಿ ಕೇಳಿ. ಸ್ಕ್ರೀನಿನ ಮೇಲೆ ಅಕ್ಷರಶಃ ಏನು ಬರೆದಿದೆ? ಕೆಡುವ ಮುಂಚೆ ಕೊನೆಯದಾಗಿ ಏನು ಮಾಡಿದ್ದಿ? ಈಗಲೂ ಸರಿಯಾಗಿ ನಡೆಯುತ್ತಿರುವುದು ಯಾವುದು? ಮೂರನೆಯದನ್ನು ಕೇಳುವವರು ಕಡಿಮೆ, ಆದರೆ ದಾರಿ ಅರ್ಧ ಕಡಿಮೆಯಾಗುವುದು ಅದರಿಂದಲೇ. ಮೌಸ್ ಬಾಣ ಅಲ್ಲಾಡುತ್ತದೆಯೇ, ಕ್ಯಾಪ್ಸ್ ಲಾಕಿನ ದೀಪ ಹೊತ್ತುತ್ತದೆಯೇ ಎಂದು ಗೊತ್ತಾದರೆ, ಕಂಪ್ಯೂಟರು ಪೂರ್ತಿ ನಿಂತಿದೆಯೋ ಮೇಲಿನ ಡೆಸ್ಕ್‌ಟಾಪು ಮಾತ್ರ ಸಿಕ್ಕಿಕೊಂಡಿದೆಯೋ ತಿಳಿಯುತ್ತದೆ.

ವಾಟ್ಸಾಪಿನಲ್ಲಿ ಫೋಟೋ ಕಳಿಸಲು ಹೇಳಬಹುದು, ಹೇಳಿ. ಆದರೂ ಒಮ್ಮೆ ಬಾಯಿಬಿಟ್ಟು ಓದಿಸಿ. ಹೊಸಬರು ಇಂಗ್ಲಿಷಿನ ಸಾಲು ಕಂಡ ಕೂಡಲೇ ಕಣ್ಣು ತಿರುಗಿಸುತ್ತಾರೆ, ಅದು ತಮಗೆ ಬರೆದದ್ದಲ್ಲ ಎಂದುಕೊಳ್ಳುತ್ತಾರೆ. ಲಿನಕ್ಸಿನ ಸಂದೇಶಗಳಲ್ಲಿ ಬಹಳಷ್ಟು ಸಲ ಮದ್ದೂ ಅದೇ ಸಾಲಿನಲ್ಲಿರುತ್ತದೆ.

ಇನ್ನು ಅಕ್ಷರ ಹೇಳುವ ಕಷ್ಟ. ಫೋನಿನಲ್ಲಿ ಬಿ, ಡಿ, ಪಿ, ಟಿ ಎಲ್ಲ ಒಂದೇ ಥರ ಕೇಳುತ್ತವೆ. ನಾವು ಊರಿನ ಹೆಸರುಗಳನ್ನೇ ಇಟ್ಟುಕೊಂಡೆವು: ಬಿ ಅಂದರೆ ಬದಿಯಡ್ಕ, ಡಿ ಧರ್ಮತ್ತಡ್ಕ, ಪಿ ಪೆರ್ಲ, ಟಿ ತಲಪಾಡಿ, ಕೆ ಕುಂಬಳೆ, ಸಿ ಚೆರ್ಕಳ, ಎನ್ ನೀರ್ಚಾಲು, ಎಂ ಮಂಜೇಶ್ವರ, ಎಸ್ ಸೀತಾಂಗೋಳಿ, ಯು ಉಪ್ಪಳ. ಎಫ್‌ಗೆ ಊರು ಸಿಗಲಿಲ್ಲ, ಫ್ಯಾನಿನ ಎಫ್ ಎಂದೆವು. ಯಜಮಾನನ ಅಧಿಕಾರದಿಂದ ಕೆಲಸ ಮಾಡಿಸುವ ‘ಸುಡೊ’ ಒತ್ತಬೇಕಾದರೆ ಸೀತಾಂಗೋಳಿ, ಉಪ್ಪಳ, ಧರ್ಮತ್ತಡ್ಕ, ಓ. ಆ ಹುಡುಗಿಗೆ ಅದು ಬಸ್ಸಿನ ಬೋರ್ಡಿನ ಹಾಗೆ ಬಾಯಿಗೆ ಬಂತು. ‘ಸ್ಪೇಸ್’ ಎನ್ನುವ ಬದಲು “ಜಾಗ ಬಿಡು” ಎನ್ನಿ. ಸ್ಲ್ಯಾಶ್ ಎಂದರೆ ಪ್ರಶ್ನೆ ಚಿಹ್ನೆಯ ಕೀಲಿಯಲ್ಲಿರುವ ಓರೆಗೆರೆ. ಎಂಟರ್ ಕೀಲಿಯ ಹತ್ತಿರ ಇರುವುದು ಬ್ಯಾಕ್‌ಸ್ಲ್ಯಾಶ್, ಅದು ಬೇರೆ. ಪ್ರತಿ ಕಮಾಂಡನ್ನೂ ಎಂಟರ್ ಒತ್ತುವ ಮೊದಲು ಒಮ್ಮೆ ತಿರುಗಿ ಓದಿ ಹೇಳಿಸಿ. ಇದರಲ್ಲಿ ಅವಸರ ಬೇಡ.

ಕರೆಂಟು ಹೋಗಿ ಕಪ್ಪು ಸ್ಕ್ರೀನು ಬಂದಾಗ

ಆ ರಾತ್ರಿ ಅವಳು ಓದಿದ ಕೊನೆಯ ಸಾಲು ಆವರಣದೊಳಗಿನ ‘ಇನಿಟ್‌ರಾಮ್‌ಎಫ್‌ಎಸ್’. ಅದರ ಮೇಲೆ ‘ಬ್ಯುಸಿಬಾಕ್ಸ್’ ಎಂದಿತ್ತು, ಇನ್ನೂ ಮೇಲೆ, ರೂಟ್ ಫೈಲ್ ಸಿಸ್ಟಮಿಗೆ (ಲಿನಕ್ಸ್ ಕೂತಿರುವ ಡಿಸ್ಕಿನ ಭಾಗಕ್ಕೆ) ಕೈಯಾರೆ, ತಪ್ಪು ಹುಡುಕಿ ಸರಿಮಾಡುವ ‘ಎಫ್ಎಸ್‌ಸಿಕೆ’ ಮಾಡಬೇಕು ಎಂಬ ಸಾಲು. ನಮ್ಮಲ್ಲಿ ಮಳೆಗಾಲದಲ್ಲಿ ನಾನು ಅತಿ ಹೆಚ್ಚು ಕಾಣುವ ತೊಂದರೆ ಇದು. ಕಾರಣ ಸರಳ: ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು, ಬ್ಯಾಟರಿ ಸತ್ತಿದೆ, ಕರೆಂಟು ಹೋದ ಕ್ಷಣವೇ ಕಂಪ್ಯೂಟರೂ ಆಫ್. ಡಿಸ್ಕಿಗೆ ಬರೆಯುತ್ತಿದ್ದದ್ದು ನಡುವೆ ನಿಂತಿರುತ್ತದೆ. ಮತ್ತೆ ಆನ್ ಆಗುವಾಗ ಲೆಕ್ಕ ತಾಳೆಯಾಗದೆ, “ನೀನೇ ನೋಡು” ಎಂದು ಲಿನಕ್ಸ್ ಅಲ್ಲೇ ನಿಲ್ಲುತ್ತದೆ. ಫೈಲುಗಳು ಹೋಗಿವೆ ಎಂದು ಇದರ ಅರ್ಥವಲ್ಲ. ಹೊಸಬರಿಗೆ ಮೊದಲು ಹೇಳಬೇಕಾದ ಮಾತು ಇದೇ.

ಮಾಡುವ ಕ್ರಮ ಹೀಗೆ. ಸಂದೇಶದಲ್ಲಿ ಯಾವ ಪಾರ್ಟಿಷನ್ (ಡಿಸ್ಕಿನ ಭಾಗ) ಎಂದು ಬರೆದಿರುತ್ತದೆ, ಅವಳ ಲ್ಯಾಪ್‌ಟಾಪಿನಲ್ಲಿ ‘/ಡೆವ್/ಎಸ್‌ಡಿಎ2’. ಕಾಣದಿದ್ದರೆ ‘ಎಕ್ಸಿಟ್’ ಎಂದು ಒತ್ತಿ ಎಂಟರ್ ಕೊಟ್ಟರೆ ಸಾಮಾನ್ಯವಾಗಿ ಆ ಸಾಲನ್ನು ಮತ್ತೆ ತೋರಿಸುತ್ತದೆ. ಆಮೇಲೆ: ಎಫ್, ಎಸ್, ಸಿ, ಕೆ, ಜಾಗ ಬಿಡು, ಅಡ್ಡಗೆರೆ, ವೈ, ಜಾಗ ಬಿಡು, ಆಮೇಲೆ ಓದಿದ ಪಾರ್ಟಿಷನ್ನಿನ ಹೆಸರು. ಅಡ್ಡಗೆರೆ ಮತ್ತು ವೈ ಯಾಕೆಂದರೆ, ಇಲ್ಲದಿದ್ದರೆ ಪ್ರತಿಯೊಂದು ತಪ್ಪಿಗೂ “ಸರಿಮಾಡಲೇ?” ಎಂದು ಅದು ಕೇಳುತ್ತ ಕೂರುತ್ತದೆ. ಸಾಲುಗಳು ಸರಸರ ಓಡಿ, ಕೊನೆಗೆ ಫೈಲ್ ಸಿಸ್ಟಮ್ ಮಾರ್ಪಾಡಾಗಿದೆ ಎಂದು ಬಂದರೆ ಕೆಲಸ ಆಯಿತು. ‘ರೀಬೂಟ್’ ಎಂದು ಒತ್ತಬೇಕು.

ಎರಡು ಎಚ್ಚರಿಕೆ. ಚಾಲೂ ಇರುವ, ಮೌಂಟ್ ಆದ, ಅಂದರೆ ಬಳಕೆಗೆ ಜೋಡಿಸಿರುವ ಪಾರ್ಟಿಷನ್ನಿನ ಮೇಲೆ ಈ ಕಮಾಂಡು ಯಾವತ್ತೂ ಬೇಡ. ಮತ್ತೆ, ಸಾಲುಗಳ ನಡುವೆ ‘ಐ/ಓ ಎರರ್’ ಎಂದು ಮತ್ತೆ ಮತ್ತೆ ಬಂದರೆ ಡಿಸ್ಕೇ ಸಾಯುತ್ತಿದೆ ಎಂದರ್ಥ. ಆಗ ರಿಪೇರಿ ನಿಲ್ಲಿಸಿ, ಉಬುಂಟು ಹಾಕಿದ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಮೊದಲು ಫೈಲುಗಳನ್ನು ಹೊರಗೆ ತೆಗೆಯಬೇಕು.

ಒಂಬತ್ತೂಕಾಲಿಗೆ ಡೆಸ್ಕ್‌ಟಾಪು ಬಂತು. “ಮಾವಾ, ಬಂತು!” ಎಂದಳು. ಅಲ್ಲಿಗೆ ಫೋನಿಟ್ಟರೆ ತಪ್ಪಾಗುತ್ತಿತ್ತು. ತಾನೇ ಸರಿಮಾಡಿದ್ದು ಎಂಬ ಧೈರ್ಯ ಇರುವ ಆ ಹತ್ತು ನಿಮಿಷದಲ್ಲೇ ಟರ್ಮಿನಲ್ ತೆರೆಸಬೇಕು.

ಟರ್ಮಿನಲಿನ ಮೊದಲ ಪಾಠ

ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ಮೊದಲ ಕಮಾಂಡು ‘ಪಿಡಬ್ಲ್ಯುಡಿ’. ರಸ್ತೆ ಇಲಾಖೆಯ ಹೆಸರಾದ್ದರಿಂದ ಮಕ್ಕಳು ಮರೆಯುವುದಿಲ್ಲ. ಈಗ ನಾವು ಎಲ್ಲಿದ್ದೇವೆ ಎಂದು ಅದು ಹೇಳುತ್ತದೆ. ಎರಡನೆಯದು ‘ಎಲ್ಎಸ್’, ಇಲ್ಲಿ ಏನೇನಿದೆ ಎಂದು ತೋರಿಸುತ್ತದೆ. ಮೂರನೆಯದು ‘ಸಿಡಿ’, ಬೇರೆ ಕಡೆಗೆ ಹೋಗಲು. ಮೊದಲ ದಿನಕ್ಕೆ ಈ ಮೂರು ಸಾಕು.

ಫೈಲು ಎಲ್ಲಿದೆ ಎಂದು ಹೇಳುವ ಪಾತ್ ಎಂದರೇನು ಎಂದು ತಿಳಿಸಲು ನಾನು ಅಂಚೆ ವಿಳಾಸವನ್ನು ಹಿಡಿಯುತ್ತೇನೆ. ಕಾಸರಗೋಡು ಜಿಲ್ಲೆ, ಮಂಜೇಶ್ವರ ತಾಲೂಕು, ಎಣ್ಮಕಜೆ ಪಂಚಾಯತು, ಪೆರ್ಲ, ಆಮೇಲೆ ಮನೆ ಹೆಸರು. ದೊಡ್ಡದರಿಂದ ಸಣ್ಣದಕ್ಕೆ, ನಡುವೆ ಓರೆಗೆರೆ. ಓರೆಗೆರೆಯಿಂದಲೇ ಶುರುವಾದರೆ ಅದು ಪೂರ್ತಿ ವಿಳಾಸ, ಎಲ್ಲಿ ನಿಂತು ಹೇಳಿದರೂ ಒಂದೇ ಮನೆಗೆ ತಲಪುತ್ತದೆ. ಹಾಗಲ್ಲದಿದ್ದರೆ “ಇಲ್ಲಿಂದ ಕೆಳಗೆ ಎರಡನೇ ಮನೆ” ಎಂದ ಹಾಗೆ, ನಿಂತ ಜಾಗ ಬದಲಾದರೆ ಅರ್ಥವೂ ಬದಲು. ಎರಡು ಚುಕ್ಕಿ ಎಂದರೆ ಒಂದು ಮೆಟ್ಟಿಲು ಮೇಲೆ. ಟ್ಯಾಬ್ ಕೀಲಿಯ ಮೇಲಿರುವ ಅಲೆಗೆರೆ ಎಂದರೆ ನಮ್ಮ ಸ್ವಂತ ಮನೆ.

ಆಮೇಲೆ ಟ್ಯಾಬ್ ಕೀಲಿ. ‘ಸಿಡಿ’ ಎಂದು ಒತ್ತಿ, ಜಾಗ ಬಿಟ್ಟು, ದೊಡ್ಡ ಡಿ, ಸಣ್ಣ ಓ, ಸಿ ಒತ್ತಿ ಟ್ಯಾಬ್ ಕೊಟ್ಟರೆ ‘ಡಾಕ್ಯುಮೆಂಟ್ಸ್’ ತಾನಾಗಿ ಪೂರ್ತಿಯಾಗುತ್ತದೆ. ಅವಳು ಮೊದಲು ಸಣ್ಣ ಡಿ ಒತ್ತಿದ್ದಳು, ಏನೂ ಆಗಲಿಲ್ಲ. ಲಿನಕ್ಸಿಗೆ ದೊಡ್ಡ ಅಕ್ಷರ ಬೇರೆ, ಸಣ್ಣದು ಬೇರೆ ಎಂದು ಹೇಳಿಕೊಡುವ ಗೋಜೇ ಬರಲಿಲ್ಲ. ಟ್ಯಾಬ್ ಕೆಲಸ ಮಾಡದಿದ್ದರೆ ಹೆಸರಿನಲ್ಲಿ ಏನೋ ತಪ್ಪಿದೆ: ಈ ಒಂದು ಅಭ್ಯಾಸ ಕಾಗುಣಿತದ ತಪ್ಪನ್ನು ಬಹಳ ಮಟ್ಟಿಗೆ ತಪ್ಪಿಸುತ್ತದೆ. ಮೇಲಿನ ಬಾಣದ ಕೀಲಿ ಹಳೆಯ ಕಮಾಂಡನ್ನು ಮರಳಿ ತರುತ್ತದೆ. ಕಂಟ್ರೋಲ್ ಸಿ ಎಂದರೆ ಇಲ್ಲಿ ಕಾಪಿ ಅಲ್ಲ, ನಡೆಯುತ್ತಿರುವುದನ್ನು ನಿಲ್ಲಿಸುವುದು. ಕಾಪಿಗೆ ಶಿಫ್ಟನ್ನೂ ಸೇರಿಸಬೇಕು.

‘ಸುಡೊ’ ಕೇಳುವ ಪಾಸ್‌ವರ್ಡಿನ ವಿಷಯವನ್ನು ಮುಂಚೆಯೇ ಹೇಳಿಬಿಡಿ. ಒತ್ತುವಾಗ ಚುಕ್ಕಿಯೂ ಕಾಣುವುದಿಲ್ಲ, ಆದರೂ ಅಕ್ಷರ ಬೀಳುತ್ತಿರುತ್ತದೆ. ಇದು ಗೊತ್ತಿಲ್ಲದೆ ಕೀಬೋರ್ಡು ಕೆಟ್ಟಿದೆ ಎಂದು ನನಗೆ ಫೋನು ಮಾಡಿದವರಿದ್ದಾರೆ.

ಅಳಿಸುವ ‘ಆರ್‌ಎಂ’ ಅನ್ನು ಮೊದಲ ವಾರ ಕಲಿಸಬೇಡಿ. ಅದು ಕಸದ ಬುಟ್ಟಿಗೆ ಹಾಕುವುದಿಲ್ಲ, ಅಳಿಸಿದ್ದು ಹೋಯಿತು. ಕಲಿಸುವಾಗ ‘ಎಂಕೆಡಿಐಆರ್’ನಿಂದ ‘ಅಭ್ಯಾಸ’ ಎಂಬ ಫೋಲ್ಡರು ಮಾಡಿಸಿ, ಅದರೊಳಗೆ ನಾಲ್ಕು ಸುಳ್ಳು ಫೈಲು ಮಾಡಿಸಿ, ಅಲ್ಲೇ ಅಳಿಸಲಿ. ಜೊತೆಗೆ ಅಡ್ಡಗೆರೆ, ಐ ಸೇರಿಸಿದರೆ ಪ್ರತಿ ಸಲ ಕೇಳಿಯೇ ಅಳಿಸುತ್ತದೆ. ಅಂತರ್ಜಾಲದಲ್ಲಿ ಸಿಕ್ಕಿದ ಕಮಾಂಡನ್ನು, ಅದರಲ್ಲೂ ‘ಸುಡೊ’ ಇರುವುದನ್ನು, ಅರ್ಥ ತಿಳಿಯದೆ ಅಂಟಿಸಬಾರದು ಎಂದು ಈಗಲೇ ಖಡಾಖಂಡಿತವಾಗಿ ಹೇಳಿ. ‘ಮ್ಯಾನ್’ ಎಂದು ಒತ್ತಿ, ಜಾಗ ಬಿಟ್ಟು, ಕಮಾಂಡಿನ ಹೆಸರು ಕೊಟ್ಟರೆ ವಿವರ ಬರುತ್ತದೆ, ಕ್ಯೂ ಒತ್ತಿದರೆ ಹೊರಗೆ.

ಮೂರು ಉತ್ತರಗಳ ಅರ್ಥವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿ. ‘ಕಮಾಂಡ್ ನಾಟ್ ಫೌಂಡ್’ ಎಂದರೆ ಕಮಾಂಡಿನ ಕಾಗುಣಿತ ತಪ್ಪಿದೆ, ಅಥವಾ ಆ ಪ್ರೋಗ್ರಾಂ ಇನ್‌ಸ್ಟಾಲ್ ಆಗಿಲ್ಲ. ‘ನೋ ಸಚ್ ಫೈಲ್’ ಎಂದರೆ ವಿಳಾಸ ತಪ್ಪಿದೆ, ‘ಪಿಡಬ್ಲ್ಯುಡಿ’ ಒತ್ತಿ ನೋಡು. ‘ಪರ್ಮಿಷನ್ ಡಿನೈಡ್’ ಎಂದರೆ ಅದು ನಿನ್ನ ಅಧಿಕಾರದ್ದಲ್ಲ. ‘ಸುಡೊ’ ಹಾಕುವ ಮೊದಲು ಯಾಕೆ ಅಲ್ಲ ಎಂದು ಯೋಚಿಸಬೇಕು.

ಪಾಸ್‌ವರ್ಡು ಸರಿ, ಆದರೂ ಒಳಗೆ ಬಿಡುವುದಿಲ್ಲ

ಒಂದು ತಿಂಗಳ ಮೇಲೆ ಮತ್ತೆ ಫೋನು. ಲಾಗಿನ್ ಆಗುತ್ತದೆ, ಕ್ಷಣ ಕಪ್ಪಾಗುತ್ತದೆ, ತಿರುಗಿ ಲಾಗಿನ್ ಪುಟವೇ. ಇದಕ್ಕೆ ಹಲವು ಕಾರಣ ಉಂಟು, ಆದರೆ ಮೊದಲು ನೋಡಬೇಕಾದದ್ದು ಡಿಸ್ಕು ತುಂಬಿದೆಯೇ ಎಂದು. ಕಂಟ್ರೋಲ್, ಆಲ್ಟ್, ಎಫ್3 ಒತ್ತಿಸಿ. ಬರೇ ಅಕ್ಷರದ ಕಪ್ಪು ಪುಟ ಬರುತ್ತದೆ, ಅಲ್ಲಿ ಹೆಸರು, ಪಾಸ್‌ವರ್ಡು ಕೊಟ್ಟು ಒಳಗೆ ಹೋಗಬಹುದು. ಆಮೇಲೆ ‘ಡಿಎಫ್ -ಎಚ್’.

ಈ ಕಮಾಂಡಿನ ಉತ್ತರವನ್ನು ನಿಧಾನವಾಗಿ ಓದಿಸಿ. ಆರು ಕಾಲಂ ಇರುತ್ತವೆ: ಯಾವ ಡಿಸ್ಕು, ಒಟ್ಟು ಎಷ್ಟು, ಬಳಸಿದ್ದೆಷ್ಟು, ಉಳಿದದ್ದೆಷ್ಟು, ಶೇಕಡಾ, ಕೊನೆಗೆ ಅದನ್ನು ಎಲ್ಲಿ ಜೋಡಿಸಿದೆ ಎಂದು. ಕೊನೆಯ ಕಾಲಂನಲ್ಲಿ ಬರೇ ಒಂದು ಓರೆಗೆರೆ ಇರುವ ಸಾಲನ್ನು ಹುಡುಕಬೇಕು, ಮುಖ್ಯವಾದದ್ದು ಅದು. ಕೆಲವು ಕಂಪ್ಯೂಟರುಗಳಲ್ಲಿ ‘ಲೂಪ್’ ಎಂಬ ಹೆಸರಿನ ಸಾಲುಗಳು ನೂರಕ್ಕೆ ನೂರು ತುಂಬಿದಂತೆ ಕಾಣುತ್ತವೆ. ಅವು ಸ್ನ್ಯಾಪ್ ಎಂಬ ಬಗೆಯಲ್ಲಿ ಕಟ್ಟಿಕೊಟ್ಟ ಪ್ರೋಗ್ರಾಂಗಳು, ಯಾವಾಗಲೂ ಹಾಗೆಯೇ ಇರುತ್ತವೆ, ಹೆದರಬೇಕಿಲ್ಲ.

ಅವಳ ಓರೆಗೆರೆಯ ಸಾಲಿನಲ್ಲಿ 100 ಇತ್ತು, ಉಳಿದದ್ದು ಸೊನ್ನೆ. ಮನೆಯ ಫೋಲ್ಡರಿಗೆ ಹೋಗಿ ‘ಡಿಯು -ಎಸ್ಎಚ್’, ಜಾಗ, ನಕ್ಷತ್ರ ಚಿಹ್ನೆ ಒತ್ತಿಸಿದೆ. ಒಂದೊಂದು ಫೋಲ್ಡರಿನ ತೂಕ ಬಂತು. ಡೌನ್‌ಲೋಡ್ಸ್‌ನಲ್ಲಿ 61 ಜಿಬಿ. “ಅಪ್ಪನ ಯಕ್ಷಗಾನದ ವೀಡಿಯೊಗಳು” ಎಂದಳು ತಗ್ಗಿದ ದನಿಯಲ್ಲಿ. ಅವನ್ನು ಅಳಿಸಲು ಹೇಳಲಿಲ್ಲ. ಯಾರ ಫೈಲೇ ಆಗಲಿ, ಅವರನ್ನು ಕೇಳದೆ ಮುಟ್ಟಬಾರದು. ‘ಸುಡೊ ಎಪಿಟಿ ಕ್ಲೀನ್’ ಹಾಕಿದ ಮೇಲೆ, ಇನ್‌ಸ್ಟಾಲ್ ಮಾಡಲು ಇಳಿಸಿಟ್ಟ ಹಳೆಯ ಪ್ಯಾಕೇಜುಗಳು ಹೋಗಿ ಎರಡು ಜಿಬಿ ಸಿಕ್ಕಿತು. ರೀಬೂಟ್ ಮಾಡಿದಾಗ ಲಾಗಿನ್ ಆಯಿತು. ವೀಡಿಯೊಗಳು ಮರುದಿನ ಅಪ್ಪನ ಹಾರ್ಡ್ ಡಿಸ್ಕಿಗೆ ಹೋದವು.

ಅಪ್‌ಡೇಟು, ಇಂಟರ್‌ನೆಟ್ಟು, ಗಡಿಯಾರ

ಅಪ್‌ಡೇಟಿನ ನಡುವೆ ಕರೆಂಟು ಹೋಗಿದ್ದರೆ, ಮುಂದಿನ ಸಲ, ಪ್ರೋಗ್ರಾಂಗಳನ್ನು ಇನ್‌ಸ್ಟಾಲ್ ಮಾಡುವ ‘ಡಿಪಿಕೆಜಿ’ಯ ಕೆಲಸ ನಡುವೆ ನಿಂತಿದೆ, ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಎಂದು ಕೊಡಿ ಎಂಬ ಸಂದೇಶ ಬರುತ್ತದೆ. ಅದು ಹೇಳಿದ್ದನ್ನೇ ಮಾಡಿ. ‘ಲಾಕ್ ಸಿಗಲಿಲ್ಲ’ ಎಂದು ಬಂದರೆ, ಹಿನ್ನೆಲೆಯಲ್ಲಿ ಇನ್ನೊಂದು ಅಪ್‌ಡೇಟು ನಡೆಯುತ್ತಿದೆ. ಹತ್ತು ಹದಿನೈದು ನಿಮಿಷ ಕಾಯಬೇಕು. ಲಾಕ್ ಫೈಲನ್ನೇ ಅಳಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ, ಒಪ್ಪಬೇಡಿ.

ಇಂಟರ್‌ನೆಟ್ಟು ಇಲ್ಲವಾದರೆ ಮನೆಯಿಂದ ಹೊರಗೆ ಹೆಜ್ಜೆ ಹೆಜ್ಜೆಯಾಗಿ ಹೋಗಿ. ‘ಐಪಿ ರೌಟ್’ ಕೊಟ್ಟರೆ ‘ಡೀಫಾಲ್ಟ್ ವಯಾ’ ಎಂಬ ಸಾಲಿನಲ್ಲಿ ರೂಟರಿನ ನಂಬ್ರ ಇರುತ್ತದೆ. ‘ಪಿಂಗ್ -ಸಿ 4’ ಎಂದು ಅದಕ್ಕೆ ಕೊಡಿಸಿ. ಉತ್ತರ ಬಾರದಿದ್ದರೆ ತೊಂದರೆ ಲ್ಯಾಪ್‌ಟಾಪಿಗೂ ರೂಟರಿಗೂ ನಡುವೆ. ಬಂದರೆ ಹೊರಗಿರುವ ಗೂಗಲ್ ಸರ್ವರಿನ ನಂಬ್ರವಾದ 8.8.8.8ಕ್ಕೆ ಪಿಂಗ್. ಅದೂ ಬಂದು ವೆಬ್‌ಸೈಟಿನ ಹೆಸರಿಗೆ ಮಾತ್ರ ಬಾರದಿದ್ದರೆ, ಹೆಸರನ್ನು ನಂಬ್ರವಾಗಿಸುವ ಡಿಎನ್ಎಸ್ ಕೆಟ್ಟಿದೆ. ವೈಫೈ ಹೆಸರೇ ಕಾಣದಿದ್ದರೆ ‘ಆರ್‌ಎಫ್‌ಕಿಲ್ ಲಿಸ್ಟ್’ ಕೊಟ್ಟು, ವೈಫೈಯನ್ನು ಆಫ್ ಮಾಡಿಟ್ಟಿದೆಯೇ ನೋಡಿ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಪಕ್ಕದ ಸಣ್ಣ ಸ್ವಿಚ್ಚು ಆಫ್ ಆಗಿರುವುದೂ ಉಂಟು.

ವಿಂಡೋಸೂ ಲಿನಕ್ಸೂ ಒಟ್ಟಿಗಿದ್ದರೆ ಗಡಿಯಾರ ಐದೂವರೆ ಗಂಟೆ ತಪ್ಪುತ್ತದೆ. ಒಳಗಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯವೆಂದು, ವಿಂಡೋಸ್ ಸ್ಥಳೀಯ ಸಮಯವೆಂದು ತಿಳಿಯುವುದರಿಂದ ಹೀಗೆ. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಟ್ಟರೆ ಜಗಳ ಮುಗಿಯುತ್ತದೆ.

ಕನ್ನಡ ಟೈಪಿಂಗ್

ಲಿನಕ್ಸಿನಲ್ಲಿ ಕನ್ನಡ ಬರೆಯಲು ಆಗುವುದಿಲ್ಲ ಎಂಬ ಮಾತನ್ನು ಈಗಲೂ ಕೇಳುತ್ತೇನೆ. ಅದು ತಪ್ಪು, ಮತ್ತು ನಮ್ಮ ಮಕ್ಕಳಿಗೆ ಆ ತಪ್ಪು ದುಬಾರಿ. ಪ್ರಾಜೆಕ್ಟನ್ನು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬರೆದು ಒಪ್ಪಿಸುವ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಿ ಬೇಸರವಾಗಿದೆ.

ಕನ್ನಡದ ಕೀಲಿವಿನ್ಯಾಸಗಳನ್ನು ತರಿಸಲು ‘ಸುಡೊ ಎಪಿಟಿ ಇನ್‌ಸ್ಟಾಲ್ ಐಬಸ್-ಎಂ17ಎನ್’ ಕೊಡಿಸಿ. ಲಾಗ್ ಔಟ್ ಆಗಿ ಮತ್ತೆ ಒಳಗೆ ಬರಬೇಕು, ಇದನ್ನು ಮರೆತು ಕೀಲಿವಿನ್ಯಾಸ ಕಾಣುತ್ತಿಲ್ಲ ಎನ್ನುವವರೇ ಹೆಚ್ಚು. ಸೆಟ್ಟಿಂಗ್ಸಿನ ಕೀಬೋರ್ಡ್ ಭಾಗದಲ್ಲಿ ಇನ್‌ಪುಟ್ ಸೋರ್ಸಿಗೆ ಕನ್ನಡ ಸೇರಿಸುವಾಗ ಹಲವು ಆಯ್ಕೆ ಬರುತ್ತವೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಕೆಜಿಪಿ, ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ. ಇಂಗ್ಲಿಷಿನಲ್ಲಿ ಉಚ್ಚರಿಸಿದ ಹಾಗೆ ಬರೆಯುವವರಿಗೆ ಐಟ್ರಾನ್ಸ್. ಭಾರತದ ಭಾಷೆಗಳಿಗೆಲ್ಲ ಒಂದೇ ಬಗೆಯಾದ ಇನ್‌ಸ್ಕ್ರಿಪ್ಟ್ ವಿನ್ಯಾಸಕ್ಕೆ ಇಲ್ಲಿ ಒಂದು ದೊಡ್ಡ ಲಾಭ ಉಂಟು: ಕನ್ನಡದ ‘ಕ’ ಇರುವ ಕೀಲಿಯಲ್ಲೇ ಮಲಯಾಳದ ‘ಕ’ವೂ ಇದೆ. ಎರಡೂ ಬರೆಯಬೇಕಾದ ಕಾಸರಗೋಡಿನ ಮಕ್ಕಳು ಒಂದು ಕಲಿತರೆ ಎರಡೂ ಬಂತು. ನನ್ನನ್ನು ಕೇಳಿದರೆ ಹೊಸದಾಗಿ ಕಲಿಯುವವರಿಗೆ ಇದೇ ಆಗಲಿ. ಭಾಷೆ ಬದಲಾಯಿಸಲು ಸೂಪರ್ ಕೀಲಿಯೊಂದಿಗೆ (ವಿಂಡೋಸ್ ಚಿಹ್ನೆ ಇರುವುದು) ಸ್ಪೇಸ್.

ಅಕ್ಷರ ಚೌಕ ಚೌಕವಾಗಿ ಕಂಡರೆ ‘ಫಾಂಟ್ಸ್-ಕೆಎನ್‌ಡಿಎ’ ಇನ್‌ಸ್ಟಾಲ್ ಮಾಡಿಸಿ. ಗುಬ್ಬಿ, ನವಿಲು ಎಂಬ ಚಂದದ ಫಾಂಟುಗಳೂ ಉಬುಂಟುವಿನ ಭಂಡಾರದಲ್ಲೇ ಸಿಗುತ್ತವೆ. ಹಳೆಯ ಫೈಲು ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು ಫಾಂಟಿನ ತಪ್ಪಲ್ಲ, ಯೂನಿಕೋಡ್ ಎಂಬ ಈಗಿನ ಅಕ್ಷರಸಂಕೇತಕ್ಕಿಂತ ಹಿಂದಿನ ಕ್ರಮದಲ್ಲಿ ಬರೆದದ್ದು, ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಬೇಕು.

ಗುಡುಗಿಗೆ ಮೊದಲು

ಫೈಲುಗಳ ಪ್ರತಿ ತೆಗೆಯುವುದನ್ನು ಕಮಾಂಡಿನಲ್ಲೇ ಕಲಿಸಿ, ಪ್ರತಿ ವಾರ ಮಾಡುವಂಥ ಕೆಲಸವಾದ್ದರಿಂದ ಕೈ ಪಳಗುತ್ತದೆ. ಪೆನ್‌ಡ್ರೈವ್ ಹಾಕಿ, ‘ಆರ್‌ಸಿಂಕ್ -ಎವಿ’, ಜಾಗ, ಡಾಕ್ಯುಮೆಂಟ್ಸ್ ಫೋಲ್ಡರಿನ ವಿಳಾಸ, ಜಾಗ, ಪೆನ್‌ಡ್ರೈವಿನ ವಿಳಾಸ. ಅದು ‘/ಮೀಡಿಯಾ’ದ ಕೆಳಗೆ ಅವರವರ ಹೆಸರಿನೊಳಗೆ ಇರುತ್ತದೆ, ಟ್ಯಾಬ್ ಒತ್ತುತ್ತ ಹೋದರೆ ಸಾಕು. ಎರಡನೆಯ ವಾರದಿಂದ ಬದಲಾದ ಫೈಲುಗಳನ್ನು ಮಾತ್ರ ಒಯ್ಯುವುದರಿಂದ ಬೇಗ ಮುಗಿಯುತ್ತದೆ. ಎಜೆಕ್ಟ್ ಮಾಡದೆ ಕೀಳಬಾರದು. ಇನ್ನೊಂದು ಪೆನ್‌ಡ್ರೈವಿಗೆ ಉಬುಂಟು ಹಾಕಿ, ಬೂಟ್ ಆಗುತ್ತದೆಯೇ ಎಂದು ಒಮ್ಮೆ ನೋಡಿ, ಬಣ್ಣದ ಟೇಪು ಸುತ್ತಿ ಇಟ್ಟುಕೊಳ್ಳಲಿ.

ಅವಳ ಮನೆಯಲ್ಲಿ ಇವೆರಡೂ ಕಪಾಟಿನ ಮೇಲಿನ ಸ್ಟೀಲ್ ಡಬ್ಬಿಯಲ್ಲಿವೆ, ಜೊತೆಗೆ ಆ ನೋಟ್‌ಬುಕ್ಕು. ಅಕ್ಟೋಬರ್, ನವೆಂಬರಿನ ಮಧ್ಯಾಹ್ನ ಮೂಡಣ ದಿಕ್ಕು ಕಪ್ಪಾದರೆ ಚಾರ್ಜರನ್ನೂ ರೂಟರಿನ ಪ್ಲಗ್ಗನ್ನೂ ಕಿತ್ತಿಡಬೇಕು ಎಂದು ಅದರ ಕೊನೆಯ ಪುಟದಲ್ಲಿ ಅವಳೇ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದಾಳೆ.